ಹಾನಗಲ್ಲು–ಸವಣೂರು ಸೀಮೆಯ ಶಯನಗೃಹವು

ಗೃಹಾಲಂಕಾರದಲ್ಲಿಯೂ ಕಾಲಕಾಲಕ್ಕೆ ಒಂದೊಂದು ಹೊಸ ಪದ್ಧತಿಯು ತಲೆದೋರುವದು ವಾಡಿಕೆಯೇ ಸರಿ. ಈಚಿನ ಕೆಲವು ವರುಷಗಳಲ್ಲಿ ಪಶ್ಚಿಮದ ಶ್ರೀಮಂತ ದೇಶಗಳಿಂದ ಹೊರಟು, ಬೆಂಗಳೂರು ಹುಬ್ಬಳ್ಳಿಗಳ ಹೊಸ ಮನೆಗಳನ್ನು ಸೇರಿರುವ ಒಂದು ಪದ್ಧತಿಗೆ ‘ಜಪಾಂಡಿ’ ಎಂಬ ಬೆರಕೆಯ ಹೆಸರು ಬಿದ್ದಿರುವದು. ಜಪಾನವೂ, ಯುರೋಪದ ಉತ್ತರದಂಚಿನಲ್ಲಿ ಸ್ಕ್ಯಾಂಡಿನೇವಿಯವೆಂದು ಕರೆಯಿಸಿಕೊಳ್ಳುವ ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳೂ ಈ ಹೆಸರಿನಲ್ಲಿ ಕೂಡಿಕೊಂಡಿವೆ. ಮಲಗುವ ಕೋಣೆಯೇ ಈ ಪದ್ಧತಿಗೆ ಮೆಚ್ಚಿನ ರಂಗಸ್ಥಳ. ನೆಲಕ್ಕೆ ಅಂಟಿದಂತಿರುವ ತಗ್ಗಾದ ಮಂಚ, ಬಣ್ಣ ಬಳಿಯದೆ ನಾರುಗೆರೆ ಕಾಣುವಂತೆ ಬಿಟ್ಟ ಕಟ್ಟಿಗೆ, ಅಕ್ಕಿಯ ಬಣ್ಣದ ಗೋಡೆ, ದಪ್ಪ ನೂಲಿನ ಹೊದಿಕೆ, ಮೂಲೆಯಲ್ಲೊಂದು ಮಣ್ಣಿನ ಹೂಜಿ, ಕಾಗದದ ಮರೆಯೊಳಗಿನ ಮೆಲ್ಲನೆಯ ದೀಪ, ಉಳಿದುದೆಲ್ಲ ತೆರವು. ಇಂಥ ಕೋಣೆಯನ್ನು ಹಾನಗಲ್ಲ ಕಡೆಯ ಹಿರಿಯ ಮುತ್ತೈದೆಯೊಬ್ಬಳು ಕಂಡು, “ಸಾಮಾನು ಇನ್ನೂ ಬರಬೇಕೇನವ್ವಾ?” ಎಂದು ಕೇಳಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಆಕೆಯ ಪ್ರಶ್ನೆಯು ನಗೆಗೆ ಮಾತ್ರ ವಿಷಯವಲ್ಲ, ಇತಿಹಾಸಕ್ಕೂ ವಿಷಯವಾಗಿದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಮನೆಗಳಲ್ಲಿ ಜನರು ಎಲ್ಲಿ, ಯಾವುದರ ಮೇಲೆ, ಯಾರ ಪಕ್ಕದಲ್ಲಿ ಮಲಗಿದರೆಂಬುದನ್ನು ಯಾವ ಶಾಸನವೂ ಕಂಡರಿಸಿಟ್ಟಿಲ್ಲ. ಆದರೂ ಮಾತುಗಳಲ್ಲಿ, ಗೋಡೆಗಳಲ್ಲಿ, ಕೌದಿಯ ಹೊಲಿಗೆಗಳಲ್ಲಿ ಅದು ಉಳಿದಿರುವದು. ಹೊಸ ಪದ್ಧತಿಯು ಹೊರದೇಶಗಳಿಂದ ತಂದೆನೆಂದು ತೋರಿಸುವ ಸಾಮಗ್ರಿಯಲ್ಲಿ ಎಷ್ಟು ಭಾಗವು ಈ ಸೀಮೆಗೆ ಹಳೆಯದು, ಎಷ್ಟು ಭಾಗವು ನಿಜವಾಗಿ ಹೊಸದು ಎಂಬ ವಿಚಾರವು ಮನೆ ಕಟ್ಟಿಸುವವರಿಗೂ, ಅದಕ್ಕಿಂತ ಹೆಚ್ಚಾಗಿ ಹಳೆಯ ಮನೆಯನ್ನು ಕೆಡವಬೇಕೆಂದಿರುವವರಿಗೂ ಉಪಯುಕ್ತವಾದುದು.

ಮೊದಲು ಮಾತಿನ ಸಾಕ್ಷ್ಯವನ್ನೇ ತೆಗೆದುಕೊಳ್ಳಬಹುದು. ಹಾಸುವದರಿಂದ ‘ಹಾಸಿಗೆ’, ಹೊದೆಯುವದರಿಂದ ‘ಹೊದಿಕೆ’, ತಲೆಗೆ ಆಸರೆಯಾದುದು ‘ತಲೆದಿಂಬು’. ಈ ಮೂರೂ ಅಚ್ಚಗನ್ನಡ ಮಾತುಗಳು. ಮೂರೂ ನೆಲದ ಮೇಲೆ ಮಲಗುವವರ ಮಾತುಗಳು. ‘ಮಂಚ’ವು ಸಂಸ್ಕೃತದಿಂದ ಬಂದಿತು. ಪಲ್ಲಂಗ, ಗಾದಿ, ರಜಾಯಿ, ಚಾದರ, ಪರದೆ, ಗಲೀಫು, ಜಮಖಾನಗಳು ಮುಂದೆ ದಖ್ಖಣದ ಸುಲತಾನರ ಹಾಗೂ ಮರಾಠರ ಆಳಿಕೆಯಲ್ಲಿ ಹಿಂದುಸ್ತಾನಿ, ಮರಾಠಿಗಳ ಹಾದಿಯಿಂದ ಒಳಗೆ ಬಂದವು. ಕುರ್ಚಿಯೂ ಕಪಾಟವೂ ಅವುಗಳ ಹಿಂದೆಯೇ ಬಂದ ಅತಿಥಿಗಳು. ಹೀಗೆ ಶಯನಗೃಹದ ಪದಗಳನ್ನು ಸಾಲಾಗಿ ನಿಲ್ಲಿಸಿದರೆ ನೆಲದಿಂದ ಮೇಲಕ್ಕೆ ಏರಿದ ಒಂದು ಚರಿತ್ರೆಯೇ ತೋರುವದು. ಜಪಾನೀಯರ ಮಾತಿನಲ್ಲಿಯೂ ಇಂಥದೇ ಒಂದು ಸಾಕ್ಷ್ಯವಿದೆ. ಅವರ ಮನೆಯ ನೆಲವನ್ನೆಲ್ಲ ಮುಚ್ಚುವ ಒತ್ತುಚಾಪೆಗೆ ‘ತತಾಮಿ’ಯೆಂದು ಹೆಸರು, ಅದು ಮಡಿಚುವದೆಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದೆ. ಹಗಲಿಗೆ ಮಡಿಚಿಡುವದು, ಇರುಳಿಗೆ ಹಾಸುವದು: ಒಂದೇ ರೂಢಿಯ ಎರಡು ತುದಿಗಳಿಂದ ಎರಡು ನಾಡುಗಳು ತಮ್ಮ ತಮ್ಮ ಮಾತನ್ನು ಹುಟ್ಟಿಸಿಕೊಂಡವು.

ಈ ನಾಲ್ಕು ಊರುಗಳ ಸೀಮೆಯು ಈಗ ೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯಲ್ಲಿ ಸೇರಿರುವದು. ನಕ್ಷೆಯಲ್ಲಿ ಚಿಕ್ಕದಾಗಿ ಕಂಡರೂ ಮಳೆಯ ದೃಷ್ಟಿಯಿಂದ ಅದು ಎರಡು ನಾಡು. ಹಾನಗಲ್ಲು ಹಾಗೂ ಶಿಗ್ಗಾಂವಿಯ ಪಡುವಣ ಭಾಗವು ಅರೆಮಲೆನಾಡು. ಬತ್ತದ ಗದ್ದೆ, ಕೆರೆ, ಕಾಡಿನಂಚು. ಸವಣೂರಿನ ಕಡೆಗೆ ಸರಿದಂತೆ ಎರೆಯ ಹೊಲ, ಹತ್ತಿ, ಜೋಳ. ಹಿರೇಕೆರೂರು ಎರಡರ ನಡುವಿನ ಹೊಂದಾಣಿಕೆಯ ನೆಲ. ಮನೆಗಳೂ ಅದರಂತೆಯೇ. ಪಡುವಲಲ್ಲಿ ಇಳಿಜಾರಿನ ಹಂಚಿನ ಮಾಡು. ಮೊದಲು ಕುಂಬಾರನ ನಾಡಹಂಚು, ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರಖಾನೆಯನ್ನು ತೆರೆದ ಮೇಲೆ ಕ್ರಮೇಣ ಮಂಗಳೂರು ಹಂಚು. ಮೂಡಲಲ್ಲಿ ತೊಲೆ ಜಂತೆಗಳ ಮೇಲೆ ಮಣ್ಣು ಹಾಕಿ ಬಡಿದ ಮಾಳಿಗೆ, ನಡುವೆ ಬೆಳಕಿಂಡಿ. ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಶರೀಫ ಸಾಹೇಬರು (೧೮೧೯–೧೮೮೯) ಸೋರುವ ಮಾಳಿಗೆಯನ್ನು ಆತ್ಮದ ಸ್ಥಿತಿಗೆ ಹೋಲಿಸಿ ಪದ ಕಟ್ಟಿದುದು ಸುಮ್ಮನಲ್ಲ. ಮಳೆಗಾಲದ ನಡುರಾತ್ರಿಯಲ್ಲಿ ಹಾಸಿಗೆಯನ್ನು ಎಳೆದುಕೊಂಡು ಸೋರದ ಮೂಲೆಯನ್ನು ಹುಡುಕಿದ ಅನುಭವವು ಕೇಳುವವರಿಗೆಲ್ಲ ಇದ್ದಿತು.

ಇಂಥ ಮನೆಯಲ್ಲಿ ‘ಮಲಗುವ ಕೋಣೆ’ ಎಂಬುದೊಂದು ಬೇರೆಯಾಗಿ ಇರಲಿಲ್ಲ. ಬಾಗಿಲ ಒಳಗೆ ದನ ಕಟ್ಟುವ ತಗ್ಗು, ಅದರ ಮೇಲ್ಗಡೆ ಕಟ್ಟೆಯಂತೆ ಎತ್ತರಿಸಿದ ಪಡಸಾಲೆ, ಅದರಾಚೆ ನಡುಮನೆ, ಅಡಿಗೆಮನೆ, ದೇವರ ಜಗಲಿ. ಕೋಣೆಯೆಂಬುದು ಕಾಳುಕಡಿ, ಗಡಿಗೆ, ಬೆಲ್ಲ, ಬೆಳ್ಳಿಬಂಗಾರಗಳ ಸ್ಥಳ. ಗಂಡಸರು ಪಡಸಾಲೆಯಲ್ಲಿ ಎತ್ತುಗಳ ಗಂಟೆಯ ಸಪ್ಪಳ ಕೇಳುವಷ್ಟು ಹತ್ತಿರ ಮಲಗುವರು. ಹೆಂಗಸರು ಮಕ್ಕಳೊಡನೆ ನಡುಮನೆಯಲ್ಲಿ. ಬೇಸಗೆ ಬಂದರೆ ಮೂಡಲ ಕಡೆಯವರು ಮಾಳಿಗೆಯ ಮೇಲೆ, ಪಡುವಲ ಕಡೆಯವರು ಅಂಗಳದಲ್ಲಿ. ಬೆಳಗಾಗುತ್ತಲೆ ಹಾಸಿಗೆ ಸುತ್ತಿ ಮೂಲೆಗೆ ಸೇರುವದು, ನೆಲಕ್ಕೆ ಸಾರಣೆ ಬೀಳುವದು, ಇರುಳಿನ ಶಯನಗೃಹವು ಹಗಲಿನ ಪಡಸಾಲೆಯಾಗಿ ಬಿಡುವದು. ಗೋಡೆಯಲ್ಲಿ ದೀಪಕ್ಕೆ ಒಂದು ಗೂಡು, ಬಟ್ಟೆಗೆ ತೂಗುಬಿಟ್ಟ ಒಂದು ಗಳ. ಇವೆರಡನ್ನು ಬಿಟ್ಟರೆ ಕಣ್ಣಿಗೆ ಬೀಳುವ ಸಾಮಾನು ಇಲ್ಲ. ಹೊರಸನ್ನು ಹಾಕುತ್ತಿದ್ದುದು ಮುಖ್ಯವಾಗಿ ಬಾಣಂತಿಗೆ; ಅದರ ಕೆಳಗೆ ಕೆಂಡದ ಅಗ್ಗಿಷ್ಟಿಕೆ.

ಹಾಸುಹೊದಿಕೆಗಳಲ್ಲಿ ಮಾತ್ರ ಈ ಸೀಮೆಯು ಬಡವಾಗಿರಲಿಲ್ಲ. ರಾಣೆಬೆನ್ನೂರು ಕಡೆಯ ಮೆಡ್ಲೇರಿಯ ಕಂಬಳಿಯು ಕುರಿಯ ಬಣ್ಣವನ್ನೇ ತನ್ನ ಬಣ್ಣವಾಗಿ ಇಟ್ಟುಕೊಂಡುದು. ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಮದುವೆಯಲ್ಲಿ ಗದ್ದುಗೆ, ಎಲ್ಲವೂ ಅದೇ. ನವಲಗುಂದದ ಜಮಖಾನವು ಬಿಜಾಪುರದ ಕಡೆಯಿಂದ ಬಂದು ನೆಲೆಸಿದ ಮುಸಲ್ಮಾನ ಮನೆತನಗಳ ಹೆಂಗಸರ ಕೈಗೆಲಸ. ಅದನ್ನು ಅತಿಥಿಗಳು ಬಂದಾಗ ಹಾಸಿ, ಹೋದ ಮೇಲೆ ಸುತ್ತಿಡುವದು ರೂಢಿ. (ಜಪಾನದಲ್ಲಿಯೂ ತತಾಮಿಯು ನೆಲವನ್ನೆಲ್ಲ ವ್ಯಾಪಿಸುವ ಮೊದಲು ಮಾನ್ಯರಾದವರು ಕುಳಿತಲ್ಲಿ ಮಾತ್ರ ಹಾಸುವ ವಸ್ತುವಾಗಿದ್ದಿತು.) ಇನ್ನು ಕೌದಿ. ಹಳೆಯ ಸೀರೆ, ಧೋತರ, ಕುಬಸದ ತುಂಡುಗಳನ್ನು ಪದರು ಪದರಾಗಿ ಇಟ್ಟು, ಅಂಚಿನಿಂದ ಒಳಕ್ಕೆ ಸಾಲುಹೊಲಿಗೆಯಿಂದ ಹಿಡಿದುಕೊಂಡು ಬರುವ ಈ ಹೊದಿಕೆಯಲ್ಲಿ ಒಂದು ಮನೆತನದ ಎರಡು ಮೂರು ತಲೆಮಾರುಗಳ ಉಡುಗೆಯನ್ನು ಗುರುತಿಸಬಹುದು. ಜಪಾನದ ಹಳ್ಳಿಗರೂ ಇದರಂತೆಯೇ ಚಿಂದಿಗೆ ಚಿಂದಿ ಹೊಲಿದು ಹೊದಿಕೆ ಮಾಡುತ್ತಿದ್ದರು. ಅದನ್ನು ಈಗ ‘ಬೊರೊ’ ಎಂಬ ಹೆಸರಿನಿಂದ ಸಂಗ್ರಹಾಲಯಗಳಲ್ಲಿ ಕನ್ನಡಿಯ ಹಿಂದೆ ಇಟ್ಟು ತೋರಿಸುವರು.

ಇಲ್ಲಿ ಒಂದು ವ್ಯಾಪಾರದ ವೃತ್ತಾಂತವನ್ನು ಹೇಳದೆ ಮುಂದೆ ಹೋಗಲಾಗದು. ಜಪಾನದಲ್ಲಿ ಹತ್ತಿ ತುಂಬಿದ ಮೆತ್ತೆಯು ಬಹುಕಾಲ ಉಳ್ಳವರ ಸೊತ್ತಾಗಿತ್ತು. ಒಕ್ಕಲಿಗರು ಹುಲ್ಲಿನಲ್ಲಿಯೇ ಮಲಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊರದೇಶಗಳ ಹತ್ತಿಯು ಅಗ್ಗವಾಗಿ ಬರತೊಡಗಿದ ಮೇಲೆ ಆ ಮೆತ್ತೆಯು ಸಾಮಾನ್ಯರಿಗೂ ದೊರೆಯುವಂತಾಯಿತು. ೧೮೯೩ರಲ್ಲಿ ಜಪಾನದ ಹಡಗು ಕಂಪನಿಯೊಂದು ಮುಂಬಯಿಗೆ ತನ್ನ ಮೊದಲನೆಯ ದೂರದ ಹಡಗುಸಾಲನ್ನು ತೆರೆದುದು ಮುಖ್ಯವಾಗಿ ಹತ್ತಿಗಾಗಿಯೇ. ಆಗ ಧಾರವಾಡ ಜಿಲ್ಲೆಯ ಎರೆಯ ಹೊಲಗಳ ಹತ್ತಿಯೂ ಮುಂಬಯಿಯ ಪೇಟೆಗೇ ಹೋಗುತ್ತಿದ್ದಿತು. ಯಾವ ಊರಿನ ಗಂಟು ಯಾವ ಹಡಗನ್ನೇರಿತೆಂಬುದಕ್ಕೆ ಲೆಕ್ಕವಿಡುವವರಾರು? ಆದರೂ ಇಂದು ‘ಜಪಾನೀ ಹಾಸಿಗೆ’ ಎಂದು ದುಬಾರಿಯಾಗಿ ಕೊಳ್ಳುವವರು ಆ ಹಾಸಿಗೆಯ ಹೊಟ್ಟೆಗೆ ಒಂದು ಕಾಲದಲ್ಲಿ ಹಿಂದುಸ್ತಾನದ ಹತ್ತಿಯೇ ಹೋಗಿದ್ದಿತೆಂಬುದನ್ನು ನೆನೆದರೆ ತಪ್ಪಲ್ಲ.

ಜಪಾನಕ್ಕೂ ಉತ್ತರ ಯುರೋಪಕ್ಕೂ ಬಿದ್ದ ಗಂಟು ಈ ಕಾಲದ ಅಂಗಡಿಕಾರರು ಕಟ್ಟಿದುದಲ್ಲ. ಲಿನ್ನೇಯಸನ ಶಿಷ್ಯನೂ ಸ್ವೀಡನ್ನಿನವನೂ ಆದ ಸಸ್ಯಶಾಸ್ತ್ರಜ್ಞ ತುನ್‌ಬೆರ್ಗನು ೧೭೭೫ರಲ್ಲಿ ಡಚ್ ಕಂಪನಿಯ ವೈದ್ಯನಾಗಿ ನಾಗಸಾಕಿಯ ದೆಜಿಮಾ ನಡುಗಡ್ಡೆಗೆ ಹೋಗಿ, ಮರುವರುಷ ಎದೋ ಪಟ್ಟಣದವರೆಗೆ ಪ್ರಯಾಣ ಮಾಡಿ, ತಾನು ಕಂಡುದನ್ನು ಬರೆದಿಟ್ಟನು. ೧೮೬೭–೬೮ರಲ್ಲಿ ಡೆನ್ಮಾರ್ಕ್, ಸ್ವೀಡನ್–ನಾರ್ವೆಗಳು ಜಪಾನದೊಡನೆ ಕೌಲು ಮಾಡಿಕೊಂಡವು. ೧೮೮೫ರಲ್ಲಿ ಡೇನಿಶ್ ವಿಮರ್ಶಕ ಕಾರ್ಲ್ ಮಾದ್ಸೆನನು ಜಪಾನದ ಚಿತ್ರಕಲೆಯನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದನು. ೧೮೯೯ರಲ್ಲಿ ಸ್ವೀಡನ್ನಿನ ಎಲೆನ್ ಕೇ ಎಂಬ ವಿದುಷಿಯು ಸೌಂದರ್ಯವು ಎಲ್ಲರ ಮನೆಗೂ ಸಲ್ಲಬೇಕೆಂದು, ಅಗ್ಗದ ಸರಳ ವಸ್ತುವೂ ಚೆಲುವಾಗಿರಬಹುದೆಂದು ವಾದಿಸಿದಳು. ೧೯೨೪ರಲ್ಲಿ ಕೊಪನ್‌ಹೇಗನ್ನಿನ ಕಲಾಶಾಲೆಯಲ್ಲಿ ಪೀಠೋಪಕರಣಗಳ ಅಧ್ಯಾಪಕನಾದ ಕೋರೆ ಕ್ಲಿಂಟನು ಮನುಷ್ಯನ ಮೈಯನ್ನೂ, ಮನೆಯೊಳಗಿನ ಅಂಗಿ ತಟ್ಟೆಗಳನ್ನೂ ಅಳೆದು, ಆ ಅಳತೆಗೆ ತಕ್ಕಂತೆ ಮೇಜುಕಪಾಟಗಳನ್ನು ಮಾಡಿಸಿದನು. ೧೯೩೫ರಲ್ಲಿ ಸ್ಟಾಕ್‌ಹೋಮಿನ ಸಂಗ್ರಹಾಲಯದ ಆವಾರದಲ್ಲಿ ಜಪಾನೀಯರ ಚಹಾಮಂಟಪವೊಂದು ನಿಂತಿತು. ಅದು ೧೯೬೯ರಲ್ಲಿ ಸುಟ್ಟುಹೋಗಿ ೧೯೯೦ರಲ್ಲಿ ಮತ್ತೆ ಕಟ್ಟಲ್ಪಟ್ಟಿತು. ಹೀಗೆ ನೂರಾರು ವರುಷಗಳ ಹೋಗುಬರುವಿನಿಂದ ಹದಗೊಂಡ ಸ್ನೇಹಕ್ಕೆ ಈಗಿನವರು ಹೆಸರಿಟ್ಟರು, ಅಷ್ಟೆ.

ಭಾರತದಲ್ಲಿಯೂ ಈ ರೀತಿಯ ಒಂದು ಪ್ರಯೋಗವು ಬಹಳ ಹಿಂದೆಯೇ ನಡೆದಿರುವದು. ಪುದುಚೇರಿಯ ಅರವಿಂದಾಶ್ರಮದ ‘ಗೋಲಕೊಂಡ’ವೆಂಬ ವಸತಿಗೃಹವನ್ನು, ಟೋಕಿಯೋದಲ್ಲಿ ಕೆಲಸ ಮಾಡುತ್ತಿದ್ದ ಅಂತೋನಿನ್ ರೇಮಂಡನು ಯೋಜಿಸಿದನು. ೧೯೩೭ರಿಂದ ಅಲ್ಲಿ ನಿಂತು ಕೆಲಸ ನೋಡಿದವನು ಜಪಾನೀ ಮನೆತನದ ಅಮೇರಿಕನ್ ಶಿಲ್ಪಿ ಜಾರ್ಜ್ ನಾಕಶಿಮಾ. ಸಾಧಕರ ಆ ಮಲಗುವ ಕೋಣೆಗಳಲ್ಲಿ ಕರಿಯ ಕಲ್ಲಿನ ನೆಲ, ಸಾಗವಾನಿಯ ಮಂಚ, ಗಾಳಿಯಾಡಲು ಬಿಡುವ ಸರಿಯುವ ಕದಗಳು ಉಂಟು. ನಾಕಶಿಮಾನು ಮುಂದೆ ೧೯೬೪ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದು ಅಲ್ಲಿ ಕಟ್ಟಿಗೆಯ ಸಾಮಾನುಗಳನ್ನು ರೂಪಿಸಿದನು. ಪುದುಚೇರಿಯ ಕೋಣೆಗಳು ಇಂದಿಗೂ ಹಳತಾಗದಿರುವದಕ್ಕೆ ಕಾರಣವೇನೆಂದರೆ ಅವು ಯಾವ ದೇಶದ ನಕಲೂ ಅಲ್ಲ. ಸೆಕೆಯನ್ನೂ ಗಾಳಿಯನ್ನೂ ಮೊದಲು ಕೇಳಿ ಬಳಿಕ ಕಟ್ಟಿದವು.

ಹಾನಗಲ್ಲಿನಲ್ಲಿ ವೈಭವದ ಶಯ್ಯೆಯೇ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಪಾನುಂಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಕಾಲದಲ್ಲಿಯೇ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವನ್ನು (೧೧೨೯) ರಚಿಸಿದನು. ಅದರಲ್ಲಿ ರಾಜನ ಇಪ್ಪತ್ತು ಉಪಭೋಗಗಳನ್ನು ಹೇಳುವಾಗ ಗೃಹಕ್ಕೂ ಆಸನಕ್ಕೂ ಶಯ್ಯೆಗೂ ಬೇರೆ ಬೇರೆ ಪ್ರಕರಣಗಳನ್ನೇ ಮೀಸಲಿಟ್ಟಿರುವನು. ತಾರಕೇಶ್ವರ ದೇವಾಲಯದ ಕಮಲದ ಭುವನೇಶ್ವರಿಯನ್ನು ತಲೆಯೆತ್ತಿ ನೋಡಿದವರಿಗೆ, ಆ ಕಾಲದವರು ಅಲಂಕಾರಕ್ಕೆ ಹಿಂಜರಿದವರಲ್ಲವೆಂಬುದು ಮನದಟ್ಟಾಗುವದು. ಆದರೆ ಅಲಂಕಾರವು ದೇವರಿಗೂ ಅರಸರಿಗೂ ಸಂದುದು. ಸವಣೂರಿನದು ಇನ್ನೊಂದು ಬಗೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಬಿಜಾಪುರವು ಬಿದ್ದ ಮೇಲೆ ನೆಲೆಗೊಂಡ ಅಲ್ಲಿಯ ನವಾಬರು, ೧೭೫೬ರಲ್ಲಿ ಪೇಶವೆಯ ಮುತ್ತಿಗೆಯನ್ನೂ ಬಳಿಕ ಮೈಸೂರಿನ ಆಕ್ರಮಣವನ್ನೂ ಕಂಡು, ೧೯೪೮ರವರೆಗೆ ಹೇಗೋ ಸಂಸ್ಥಾನವನ್ನು ಉಳಿಸಿಕೊಂಡರು. ಪಠಾಣರ ಮನೆತನ, ಬಿಜಾಪುರದ ರೀತಿ, ಮರಾಠರ ನೆರೆ, ಕನ್ನಡದ ಪ್ರಜೆ: ಇವುಗಳ ಕೂಟದಲ್ಲಿ ಗಾದಿಯೂ ಲೋಡೂ ಪರದೆಯೂ ಸುತ್ತಲಿನ ದೇಸಾಯಿ, ಇನಾಮದಾರರ ವಾಡೆಗಳನ್ನು ಹೊಕ್ಕವು. ವಾಡೆಯಿಂದ ಊರ ಗೌಡನ ಮನೆಗೆ ಬರುವಷ್ಟರಲ್ಲಿ ಪರದೆಯು ಹಿಂದುಳಿಯಿತು, ಗಾದಿ ಮಾತ್ರ ಬಂದಿತು. ಎರಡು ನಾಡುಗಳ ಪದ್ಧತಿಯನ್ನು ಬೆರೆಸುವದು ಈ ಸೀಮೆಗೆ ಹೊಸ ವಿದ್ಯೆಯಲ್ಲ. ಬೇಕಾದುದನ್ನು ಇಟ್ಟುಕೊಂಡು ಬೇಡಾದುದನ್ನು ಬಿಡುವದೂ ಹೊಸದಲ್ಲ.

ಇಷ್ಟಾದ ಮೇಲೆ, ಹೊಸ ಪದ್ಧತಿಯೆಂಬುದು ಪೂರ್ವಿಕರ ಪದ್ಧತಿಯೇ ಎಂದು ಹೇಳಿ ಹೆಮ್ಮೆಪಡುವದು ಸುಲಭ. ಹಾಗೆ ಹೇಳುವವರು ಈಗ ಬಹಳವಾಗಿದ್ದಾರೆ. ಆದರೆ ಅದು ಅರ್ಧ ಸತ್ಯ. ಪಡಸಾಲೆಯ ಆ ತೆರವು ಯಾರೂ ಆರಿಸಿಕೊಂಡ ತೆರವಲ್ಲ. ಜಪಾನದಲ್ಲಿ ಭೂಕಂಪವೂ ಬೆಂಕಿಯೂ ಮನೆಯನ್ನು ಹಗುರಾಗಿ ಇಡಿಸಿದವು. ಸ್ವೀಡನ್ನಿನ ಹಳ್ಳಿಗಳಲ್ಲಿ ದೀರ್ಘವಾದ ಚಳಿಗಾಲವು ಕುಟುಂಬವನ್ನೆಲ್ಲ ಒಂದೇ ಒಲೆಯ ಸುತ್ತ ಕೂಡಿಸಿ, ಗೋಡೆಗೆ ಸೇರಿಸಿ ಮಾಡಿದ ಪೆಟ್ಟಿಗೆಯಂಥ ಮಂಚಗಳಲ್ಲಿ ಮಲಗಿಸಿತು. ಇಲ್ಲಿ ಕಾಳು, ದನ, ಮಂದಿಗಳ ನಡುವೆ ಸ್ಥಳವನ್ನು ಹಂಚಿಕೊಳ್ಳುವ ಕಷ್ಟವು ಹಾಸಿಗೆಯನ್ನು ಸುತ್ತಿಸಿತು. ಮೂರೂ ಕಡೆಗಳಲ್ಲಿ ಇಲ್ಲದಿದ್ದುದು ಒಂದೇ: ಮುಚ್ಚಿಕೊಳ್ಳಬಹುದಾದ ಬಾಗಿಲು. ಅವಿಭಕ್ತ ಕುಟುಂಬದ ಸೊಸೆಗೆ ಗಂಡನೊಡನೆ ನಾಲ್ಕು ಮಾತು ಆಡಲು ಕಾಳಿನ ಕೋಣೆಯೋ ಅಟ್ಟವೋ ಇರುಳಿನ ಕೆಲವು ಗಳಿಗೆಗಳ ಮಟ್ಟಿಗೆ ದೊರೆತರೆ ಅದೇ ಹೆಚ್ಚು. ಅವಳ ಅಳುವಿಗೂ ಜ್ವರಕ್ಕೂ ಮನೆಯೆಲ್ಲ ಸಾಕ್ಷಿ. ಬೀಗರು ಬಳುವಳಿಯಾಗಿ ಮಂಚವನ್ನು ಕೊಟ್ಟಾಗ, ೧೯೨೩ರಿಂದ ಗೋದ್ರೇಜರು ಮಾಡತೊಡಗಿದ ಉಕ್ಕಿನ ಕಪಾಟವು ಮುಂದಿನ ದಶಕಗಳಲ್ಲಿ ಕನ್ನಡಿ ಸಮೇತ ‘ತಿಜೋರಿ’ಯೆಂದು ಹಳ್ಳಿಗಳಿಗೂ ಬಂದಾಗ, ಅವುಗಳಿಗಾಗಿ ಒಂದು ಕೋಣೆಯು ಬೇಕಾಯಿತು, ಕೋಣೆಗೆ ಕದ ಬೇಕಾಯಿತು. ಬೀಗದ ಕೈಯು ಸೊಸೆಯ ಸೆರಗಿಗೆ ಬಂದಿತು. ರಸಿಕರು ಇಂದು ಆ ಹಸುರು ತಿಜೋರಿಯನ್ನು ಕುರೂಪವೆಂದು ಹೊರಗೆ ಹಾಕಿಸುವರು. ಕುರೂಪವಿರಬಹುದು, ಆದರೆ ಈ ಸೀಮೆಯಲ್ಲಿ ಹೆಂಗಸಿಗೆ ತನ್ನದೆಂಬ ಒಂದು ಕೋಣೆಯನ್ನು ಗಳಿಸಿಕೊಟ್ಟುದರಲ್ಲಿ ಅದರ ಪಾಲು ಇದೆ. ನೆಲದ ಮೇಲೆ ಅರುವತ್ತು ವರುಷ ಮಲಗಿದ ಮುದುಕಿಯು ತಗ್ಗಾದ ಮಂಚವನ್ನು ಕಂಡು ಮೊಣಕಾಲನ್ನು ಮುಟ್ಟಿಕೊಂಡರೆ ಅವಳಿಗೆ ಅಭಿರುಚಿಯಿಲ್ಲವೆನ್ನಲಾಗದು.

ಇನ್ನು ಹವೆಯ ಮಾತು. ಹಾನಗಲ್ಲಿನ ಜೂನ–ಸಪ್ಟೆಂಬರಗಳಲ್ಲಿ ನೆಲವು ಬೆವರುವದು, ಗೋಡೆಯ ಬುಡಕ್ಕೆ ಗೆದ್ದಲು ಹತ್ತುವದು, ಹುಲ್ಲಿನ ತತಾಮಿಗೆ ಬೂಸು ಹಿಡಿಯಲು ಒಂದು ಮಳೆಗಾಲವೇ ಸಾಕು. ಜಪಾನದ ಮನೆಯ ನೆಲವು ಕಂಬಗಳ ಮೇಲೆ ಎತ್ತರಿಸಿದ್ದು, ಅದರ ಅಡಿಯಲ್ಲಿ ಗಾಳಿಯಾಡುವದು. ಅದನ್ನು ಬಿಟ್ಟು ಮೇಲಿನ ಚಾಪೆಯನ್ನಷ್ಟೇ ತಂದರೆ ಪ್ರಯೋಜನವೇನು? ಹಳಬರು ಪಡಸಾಲೆಯನ್ನು ಕಟ್ಟೆಯಾಗಿ ಎತ್ತರಿಸಿದುದೂ, ಹಾಸಿಗೆಯನ್ನು ದಿನವೂ ಎತ್ತಿ ಬಿಸಿಲಿಗೆ ಹಾಕಿದುದೂ ಇದೇ ತಿಳಿವಳಿಕೆಯಿಂದ. ಗಟ್ಟಿ ಹಲಗೆಯ ಪೀಠದ ಮೇಲೆ ಹಾಸಿಗೆಯನ್ನು ಸದಾ ಬಿಟ್ಟಿರುವ ಹೊಸ ಮಂಚಕ್ಕಿಂತ, ಪಟ್ಟಿಗಳ ನಡುವೆ ಸಂದು ಬಿಟ್ಟು, ಕೆಳಗೆ ಕಸಬರಿಗೆ ಆಡುವಷ್ಟು ಎತ್ತರವಿಟ್ಟ ಮಂಚವೇ ಹಾನಗಲ್ಲು ಶಿಗ್ಗಾಂವಿಗಳಿಗೆ ತಕ್ಕುದು. ಸವಣೂರಿನ ಒಣಹವೆಯಲ್ಲಿ ತಗ್ಗು ಮಂಚವು ನಡೆದೀತು. ಬಿಳಿಯ ಗೋಡೆಯ ವಿಷಯದಲ್ಲಿಯೂ ಎಚ್ಚರ ಬೇಕು. ಸೂರ್ಯನು ಅಪರೂಪವಾದ ದೇಶದವರು ಬೆಳಕನ್ನು ಕೂಡಿಸಿಡಲು ಬಿಳುಪನ್ನು ಬಳಿದರು. ಏಪ್ರಿಲಿನ ಎರೆಸೀಮೆಯಲ್ಲಿ ಬೇಕಾದುದು ಕಣ್ಣಿಗೆ ತಂಪು. ಕೆಮ್ಮಣ್ಣಿನ ಕಾರಣೆಯೂ ಚಿಕ್ಕ ಬೆಳಕಿಂಡಿಯೂ ಆ ಕೆಲಸವನ್ನು ಮಾಡುತ್ತಿದ್ದವು.

ಕಟ್ಟಿಗೆಯ ವಿಷಯವು ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದುದು. ಎರಡನೆಯ ಮಹಾಯುದ್ಧದ ತರುವಾಯ ಡೆನ್ಮಾರ್ಕಿನ ಬಡಿಗರಿಗೆ ಹೆಸರು ತಂದುದು ಸಯಾಮ ಮುಂತಾದ ಕಡೆಯಿಂದ ತರಿಸಿದ ಸಾಗವಾನಿ. ಅದೇ ಜಾತಿಯ ಮರವು ಉತ್ತರ ಕನ್ನಡದ ಕಾಡುಗಳಿಂದ ಬಂದು ಹಾನಗಲ್ಲ ಸೀಮೆಯ ಉಳ್ಳವರ ಮನೆಗಳಲ್ಲಿ ಕಂಬವಾಗಿ, ತೊಲೆಯಾಗಿ, ಬಾಗಿಲವಾಡವಾಗಿ ನಿಂತಿರುವದು. ಅಣ್ಣತಮ್ಮಂದಿರು ಪಾಲಾಗಿ ಮನೆಯನ್ನು ಕೆಡವುವಾಗ ಈ ಕಟ್ಟಿಗೆಯು ತೂಕಕ್ಕೋ ಅಳತೆಗೋ ಮಾರಿಹೋಗುವದು. ಆ ದುಡ್ಡಿನಲ್ಲಿ ಹೊಟ್ಟಿನ ಹಲಗೆಗೆ ಕಟ್ಟಿಗೆಯ ಚಿತ್ರವನ್ನು ಅಂಟಿಸಿದ ‘ಜಪಾಂಡಿ’ ಮಂಚವು ಮನೆಗೆ ಬರುವದು. ಅಜ್ಜನ ತೊಲೆಯಿಂದ ಊರ ಬಡಿಗನ ಕೈಯಲ್ಲಿ ಮಂಚವನ್ನು ಮಾಡಿಸಿದರೆ ತಗಲುವ ಖರ್ಚು ಅದಕ್ಕಿಂತ ಬಹಳ ಹೆಚ್ಚೇನೂ ಆಗಲಾರದು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ೨೦೧೧ರಿಂದ ಜಾನಪದ ವಿಶ್ವವಿದ್ಯಾಲಯವು ನಡೆದಿದೆ. ಅದರ ಸಮೀಪದಲ್ಲಿಯೇ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬಾಳುವೆಯ ಪ್ರತಿಮೆಗಳು ನಿಂತಿವೆ. ಮನೆಯಲ್ಲಿ ಉಳಿಯದುದನ್ನು ಮಕ್ಕಳಿಗೆ ತೋರಿಸಲು ಜನರು ಚೀಟಿ ಕೊಂಡು ಅಲ್ಲಿಗೆ ಹೋಗುವರು.

ಹಳೆಯ ಮನೆಯ ತೆರವನ್ನು ಕುರಿತು ಇನ್ನೊಂದು ಸಂಗತಿಯುಂಟು. ಅದು ಎಂದೂ ಪೂರ್ತಿ ಬಣ್ಣಗೆಟ್ಟ ತೆರವಾಗಿರಲಿಲ್ಲ. ನೆರೆಯ ಕಲಘಟಗಿಯ ಚಿತ್ರಗಾರರು ಅರಗಿನ ಬಣ್ಣದಲ್ಲಿ ಪುರಾಣದ ಕತೆಗಳನ್ನು ಬರೆದು ಮಾಡುವ ತೊಟ್ಟಿಲು ಮನೆಗೆ ಬಂದಿತೆಂದರೆ, ಸಾಮಾನಿಲ್ಲದ ನಡುಮನೆಯಲ್ಲಿ ಕೆಂಪು ಹಳದಿ ಹಸುರುಗಳ ಒಂದು ಚಿಕ್ಕ ತೇರು ತೂಗಿದಂತಾಗುವದು. ಕೂಸು ಬೆಳೆದ ಮೇಲೆ ಅದು ಅಟ್ಟ ಸೇರಿ, ಇನ್ನೊಂದು ಕೂಸಿಗಾಗಿ ಕೆಳಗಿಳಿಯುವದು. ಕಲಘಟಗಿ, ಹಳಿಯಾಳ, ಯಲ್ಲಾಪುರಗಳ ಕಾಡಿನಂಚಿನಲ್ಲಿರುವ ಸಿದ್ದಿ ಹೆಂಗಸರು, ತಾವು ಹೊಲಿಯುವ ಕೌದಿಯ ನಾಲ್ಕು ಮೂಲೆಗಳಿಗೆ ಮಡಿಕೆ ಹಾಕಿದ ಬಟ್ಟೆಯ ಮುಕ್ಕೋನೆಗಳನ್ನು ಇಟ್ಟು ಹೊಲಿದು ಅವುಗಳನ್ನು ಹೂವೆಂದು ಕರೆಯುವರು. ಆ ಹೂ ಇಲ್ಲದ ಕೌದಿಯನ್ನು ಅವರು ಬತ್ತಲೆಯೆನ್ನುವರು.